ಶುಗರ್ರು ವಂಶದಲ್ಲೇ ಬಂದಿದ್ದಾ? ಮಂಡ್ಯದ ಒಂದು ಪಂಕ್ತಿ, ಒಂದು ಜೀನ್ ರಿಪೋರ್ಟು

ಹೋದ ತಿಂಗಳು ಮಂಡ್ಯದಲ್ಲಿ ನಮ್ಮಮ್ಮನ ತವರು ಕಡೆ ಮದ್ವೆ. ಛತ್ರದಲ್ಲಿ ಎರಡನೇ ಪಂಕ್ತಿಗೆ ಕೂತಿದ್ವಿ, ಒಬ್ಬಟ್ಟು ಬಡಿಸ್ಕೊಂಡು ಬರ್ತಿದ್ದ ಹುಡುಗ ನಮ್ಮ ಸಾಲಿಗೆ ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡಿದವರನ್ನ ಸುಮ್ನೆ ಎಣಿಸ್ದೆ, 11 ಜನದಲ್ಲಿ 7 ಜನ. ದೊಡ್ಮಾವ, ಅವರ ತಮ್ಮ, ದೊಡ್ಮಾವನ ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ, ಇನ್ನಿಬ್ಬರು ದಾಯಾದಿಗಳು. "ಈ ಸಾಲಿಗೆ ಬರ್ಬೇಡ ಕಣಪ್ಪ, ಇದು ಶುಗರ್ ಸಾಲು" ಅಂತ ದೊಡ್ಮಾವ ಆ ಹುಡುಗನಿಗೆ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಆಮೇಲೆ ನನ್ ಕಡೆ ತಿರುಗಿ "ನಮ್ ವಂಸ್ದಲ್ಲೇ ಬಂದದೆ ಕಣಳಿಯ, ಯಾರೇನ್ ಮಾಡಕಾಯ್ತದೆ" ಅಂದು ಅನ್ನಕ್ಕೆ ಕೈ ಹಾಕಿದ್ರು, ಎರಡನೇ ಸಲ ಅನ್ನ.

ಎದುರುಗಡೆ ಸಾಲಲ್ಲಿ ಅವರ ಮೊಮ್ಮಗ ಚೇತು ಕೂತಿದ್ದ, ಬೆಂಗಳೂರಲ್ಲಿ ಸಾಫ್ಟ್‌ವೇರು, 29 ವರ್ಷ. ಕೈ ತೊಳ್ಕೊಂಡು ಬಂದವನೇ ಮೊಬೈಲ್ ತೆಗೆದು ಒಂದು ಪಿಡಿಎಫ್ ತೋರಿಸ್ದ. ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸ್ಕೊಂಡಿದಾನಂತೆ, ಅದರಲ್ಲಿ ಸ್ಕೂಟರ್ ಮೀಟರ್ ಥರ ಒಂದು ಚಿತ್ರ, ಮುಳ್ಳು ಕೆಂಪಲ್ಲಿ ನಿಂತಿದೆ, ಕೆಳಗೆ ಟೈಪ್ 2 ಡಯಾಬಿಟಿಸ್ ರಿಸ್ಕ್ ಹೈ ಅಂತ. "ಮಾವ, ನೀವು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡ್ತೀರಲ್ವಾ, ಇದನ್ನ ಎಷ್ಟರಮಟ್ಟಿಗೆ ನಂಬ್ಬೋದು ಹೇಳಿ" ಅಂದ. ನಾನು ಮೈಸೂರಲ್ಲಿ ಕಾಲೇಜ್ ಮೇಷ್ಟ್ರು, ಡಾಕ್ಟರಲ್ಲ, ಆದ್ರೆ ಆ ಮುಳ್ಳನ್ನ ಅಲ್ಲಿಗೆ ತಂದು ನಿಲ್ಲಿಸಿರೋದು ಡಾಕ್ಟರೂ ಅಲ್ಲ, ನಮ್ಮ ಸಬ್ಜೆಕ್ಟೇ. ಅಲ್ಲೇ ನಿಂತ್ಕೊಂಡು ಅರ್ಧ ಹೇಳ್ದೆ, ಅಷ್ಟರಲ್ಲಿ ಯಾರೋ ಫೋಟೋಗೆ ಕರೆದ್ರು. ಉಳಿದಿದ್ದು ಇಲ್ಲಿ ಬರೀತಿದೀನಿ.

ಮೊದ್ಲು ಒಂದು ವಿಷ್ಯ ಬೇರೆ ಮಾಡ್ಕೊಂಡ್ಬಿಡೋಣ. ವಂಶದಲ್ಲಿ ಬರೋ ಕಾಯಿಲೆ ಅಂದ್ರೆ ನಮ್ಮ ತಲೆಗೆ ಬರೋದು ಒಂದೇ ಥರದ್ದು, ಅಪ್ಪನಿಗಿತ್ತು ಮಗನಿಗೆ ಬಂತು. ಅಂಥದ್ದೂ ಇದಾವೆ. ಹೆಚ್.ಡಿ. ಕೋಟೆ, ಚಾಮರಾಜನಗರ ಕಡೆ ಹಾಡಿಗಳಲ್ಲಿ ಕಾಣಿಸೋ ಸಿಕಲ್ ಸೆಲ್ ಕಾಯಿಲೆ ತಗೊಳಿ, ಹೀಮೋಗ್ಲೋಬಿನ್ ಮಾಡೋ ಒಂದು ಜೀನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರತ್ತೆ, ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಇಟ್ಕೊಂಡಿದ್ರೆ ಹುಟ್ಟೋ ಪ್ರತಿ ಮಗುವಿಗೂ ಕಾಯಿಲೆ ಬರೋ ಸಾಧ್ಯತೆ 4ರಲ್ಲಿ 1. ಲೆಕ್ಕ ಇಷ್ಟೇ, ಮೆಂಡೆಲ್ ಬಟಾಣಿ ಗಿಡದಲ್ಲಿ ನೋಡಿದ್ದೇ ಇದು, ಟೆಸ್ಟ್ ಮಾಡಿದ್ರೆ ಉತ್ತರ ಹೌದು ಅಥ್ವಾ ಇಲ್ಲ. ಶುಗರ್ರು, ಬಿಪಿ, ಹಾರ್ಟು, ಆಸ್ತಮಾ, ಸ್ಕಿಜೋಫ್ರೇನಿಯಾ ಇವೆಲ್ಲ ಆ ಜಾತಿದಲ್ಲ. ಇಲ್ಲಿ ನೂರಾರು ಸಾವಿರಾರು ಜಾಗದಲ್ಲಿ ಅಕ್ಷರ ಆಚೀಚೆ ಆಗಿರತ್ತೆ, ಒಂದೊಂದೂ ತೂಕವನ್ನ ಗುಲಗಂಜಿಯಷ್ಟು ಆ ಕಡೆಗೋ ಈ ಕಡೆಗೋ ತಳ್ಳತ್ತೆ, ಅದರ ಮೇಲೆ ಊಟ, ಓಡಾಟ, ನಿದ್ದೆ, ವಯಸ್ಸು, ಅಮ್ಮನ ಹೊಟ್ಟೇಲಿದ್ದಾಗ ಏನಾಯ್ತು ಅನ್ನೋದು, ಎಲ್ಲ ಸೇರ್ಕೊಳತ್ತೆ.

ಮಂಡ್ಯದವರಿಗೆ ಇದನ್ನ ಹೊಸದಾಗಿ ಹೇಳ್ಕೊಡಬೇಕಾಗಿಲ್ಲ. ವಿ.ಸಿ. ಫಾರಂ ಅನ್ನೋ ನಮ್ಮ ಕೃಷಿ ಸಂಶೋಧನಾ ಕೇಂದ್ರದ ಕಡೆ ಭತ್ತದ ಟ್ರಯಲ್ ಪ್ಲಾಟುಗಳನ್ನ ನೋಡಿದವರಿಗೆ ಗೊತ್ತು, ಎಕರೆಗೆ ಎಷ್ಟು ಮೂಟೆ ಅನ್ನೋದಕ್ಕೆ ಒಂದೇ ಜೀನು ಅಂತ ಇರಲ್ಲ, ತಳಿ ಮಾಡೋರು ಸಣ್ಣ ಸಣ್ಣ ಒಳ್ಳೇ ಗುಣಗಳನ್ನ ವರ್ಷಗಟ್ಟಲೆ ಪೇರಿಸ್ಕೊಂಡು ಹೋಗ್ತಾರೆ. ಈ ಪೇರಿಸೋ ಲೆಕ್ಕಕ್ಕೆ ಅಡಿಪಾಯ ಹಾಕಿದ್ದು ಇಂಗ್ಲೆಂಡಿನ ಸ್ಟ್ಯಾಟಿಸ್ಟಿಷಿಯನ್ ಆರ್.ಎ. ಫಿಷರ್, 1918ರಲ್ಲಿ. ಆ ಕಾಲಕ್ಕೆ ಎರಡು ಬಣ ಕಿತ್ತಾಡ್ತಿತ್ತು, ಮೆಂಡೆಲ್ ಕಡೆಯವರು ಗುಣ ಅಂದ್ರೆ ಇದು ಇಲ್ಲಾಂದ್ರೆ ಅದು ಅಂತಿದ್ರು, ಅಳತೆ ಪಟ್ಟಿ ಹಿಡಿದವರು ಇಲ್ಲಪ್ಪ ಎತ್ತರ ತೂಕ ಎಲ್ಲ ನುಣ್ಣಗೆ ಏರಿಳಿಯತ್ತೆ ಅಂತಿದ್ರು, ಫಿಷರ್ ಬಂದು ತುಂಬಾ ಮೆಂಡೆಲ್ ಜೀನುಗಳು ಒಟ್ಟಿಗೆ ಸೇರಿದ್ರೆ ಆ ನುಣುಪಾದ ಗಂಟೆ ಆಕಾರ ತಾನಾಗೇ ಬರತ್ತೆ ಅಂತ ತೋರಿಸ್ದ, ಏರುಪೇರನ್ನ ಅಳೆಯೋ ವೇರಿಯನ್ಸ್ ಅನ್ನೋ ಪದ ಹುಟ್ಟಿದ್ದೇ ಆ ಲೇಖನದಲ್ಲಿ. ಮರುವರ್ಷ ರೊಥಾಮ್‌ಸ್ಟೆಡ್ ಅನ್ನೋ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರ್ಕೊಂಡ, ನಾವು ಇವತ್ತು ಪಾಠ ಮಾಡೋ ಅರ್ಧಕ್ಕರ್ಧ ಸ್ಟ್ಯಾಟಿಸ್ಟಿಕ್ಸು ಹೊಲದಲ್ಲೇ ಬೆಳೆದಿದ್ದು. ಒಳ್ಳೇ ತಳಿಯ ಮನುಷ್ಯರನ್ನಷ್ಟೇ ಬೆಳೆಸ್ಬೇಕು ಅನ್ನೋ ಸುಜನನ ತತ್ವದ ಹುಚ್ಚು ಆ ಮನುಷ್ಯನಿಗಿತ್ತು, ಅದು ಬೇರೆ ಕಥೆ, ಅದನ್ನ ಒಪ್ಪಕ್ಕಾಗಲ್ಲ. ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದ್ದು ಇದೇ ಫಿಷರ್ ಕೈಕೆಳಗೆ, ಕಂಡ ಸಂಬಂಧ ನಿಜಾನಾ ಅಕಸ್ಮಾತ್ತಾ ಅಂತ ನೋಡಕ್ಕೆ ಅವರು 1948ರಲ್ಲಿ ಕೊಟ್ಟ ಸ್ಕೋರ್ ಟೆಸ್ಟು ಇವತ್ತಿಗೂ ಜೀನ್ ಸ್ಟಡಿಗಳಲ್ಲಿ ಲಕ್ಷಾಂತರ ಸಲ ಓಡ್ತಾ ಇರತ್ತೆ. ಕ್ಲಾಸಲ್ಲಿ ಈ ಹಡಗಲಿ ವಿಷ್ಯ ಹೇಳಿದಾಗ ಮಾತ್ರ ಹಿಂದಿನ ಬೆಂಚು ಎದ್ದು ಕೂರತ್ತೆ.

ಸರಿ, ಈಗ ಚೇತು ರಿಪೋರ್ಟಿನ ಹಿಂದೆ ಇರೋ ಕೆಲಸ ಹೆಂಗೆ ನಡೆಯತ್ತೆ ಅಂದ್ರೆ, ನಮ್ಮ ಡಿಎನ್‌ಎ ಅಂದ್ರೆ ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರದ ಪುಸ್ತಕ, ಅದರಲ್ಲಿ ಜನದಿಂದ ಜನಕ್ಕೆ ಬದಲಾಗೋ ಜಾಗಗಳನ್ನ ಲಕ್ಷಗಟ್ಟಲೆ ಆರಿಸ್ಕೊಂಡು, ಕಾಯಿಲೆ ಇರೋರು ಇಲ್ದೇ ಇರೋರು ಅಂತ ಎರಡು ಗುಂಪು ಮಾಡಿ, ಪ್ರತಿ ಜಾಗದಲ್ಲೂ ಯಾವ ಅಕ್ಷರ ಯಾವ ಗುಂಪಲ್ಲಿ ಎಷ್ಟು ಅಂತ ಎಣಿಸ್ತಾರೆ. ಎಣಿಸೋದು ಅಷ್ಟೇ, ಮ್ಯಾಜಿಕ್ ಏನಿಲ್ಲ. ಲೆಕ್ಕ ತೋರಿಸಕ್ಕೋಸ್ಕರ ನಾನೇ ಒಂದು ಉದಾಹರಣೆ ಕಟ್ತೀನಿ: ಶುಗರ್ ಇರೋರು 1,000, ಇಲ್ದೇ ಇರೋರು 1,000. ಪ್ರತಿಯೊಬ್ಬರಲ್ಲೂ ಒಂದೊಂದು ಅಕ್ಷರದ ಎರಡು ಪ್ರತಿ, ಒಂದು ಅಪ್ಪಂದು ಒಂದು ಅಮ್ಮಂದು, ಹಂಗಾಗಿ ಗುಂಪಿಗೆ 2,000 ಅಕ್ಷರ. ಒಂದು ಜಾಗದಲ್ಲಿ ಟಿ ಅನ್ನೋ ಅಕ್ಷರ ಶುಗರ್ ಗುಂಪಲ್ಲಿ 700 ಸಲ, ಇನ್ನೊಂದರಲ್ಲಿ 600 ಸಲ ಸಿಕ್ತು ಅನ್ಕೊಳಿ, ಅಂದ್ರೆ ಶೇ 35 ಮತ್ತೆ ಶೇ 30. ಇದು ಅಕಸ್ಮಾತ್ ಆಗಿರ್ಬೋದಾ? ಟೆಸ್ಟ್ ಹಾಕಿದ್ರೆ ನಿಜವಾಗ್ಲೂ ಏನೂ ವ್ಯತ್ಯಾಸ ಇಲ್ದೇ ಇದ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣೋದು 10,000ಕ್ಕೆ ಸುಮಾರು 7 ಸಲ. ನಮ್ಮ ಎಂಎಸ್ಸಿ ಪ್ರಾಜೆಕ್ಟಲ್ಲಿ ಇಂಥಾ ನಂಬರ್ ಬಂದಿದ್ರೆ ಗೈಡಿಗೆ ಸ್ವೀಟ್ ಹಂಚ್ತಿದ್ವಿ.

ಆದ್ರೆ ಇವರು ನೋಡ್ತಿರೋದು ಒಂದು ಜಾಗ ಅಲ್ವಲ್ಲ, 10 ಲಕ್ಷ ಜಾಗ. 10,000ಕ್ಕೆ 7 ಅಂದ್ರೆ 10 ಲಕ್ಷಕ್ಕೆ 700, ಅಂದ್ರೆ ಒಂದು ಜೀನಿಗೂ ಶುಗರ್ರಿಗೂ ಸಂಬಂಧಾನೇ ಇಲ್ದಿದ್ರೂ ಇಷ್ಟೇ ಚೆಂದ ಕಾಣೋ 700 ಸುಳ್ಳು ಜಾಗಗಳು ಕೈಗೆ ಸಿಗ್ತಾವೆ. ಒಂದು ಲಾಟರಿ ಟಿಕೆಟ್ ತಗೊಂಡು ಬಹುಮಾನ ಬಂದ್ರೆ ಅದೃಷ್ಟ, ಊರಿನ ಎಲ್ಲಾ ಟಿಕೆಟ್ ಕೊಂಡ್ಕೊಂಡು ಬಹುಮಾನ ಬಂತು ಅಂತ ಕುಣಿದ್ರೆ ಹುಚ್ಚು. ಅದಕ್ಕೇ ಈ ಫೀಲ್ಡಲ್ಲಿ ಗೆರೆಯನ್ನ ತುಂಬಾ ಮೇಲೆ ಎಳೆದಿದಾರೆ, ಅಕಸ್ಮಾತ್ ಕಾಣೋ ಸಾಧ್ಯತೆ ಮಾಮೂಲಿ 20ಕ್ಕೆ 1ಕ್ಕಿಂತ ಕಮ್ಮಿ ಇದ್ರೆ ಸಾಲಲ್ಲ, 2 ಕೋಟಿಗೆ 1ಕ್ಕಿಂತ ಕಮ್ಮಿ ಇರ್ಬೇಕು. ಆ 20ಕ್ಕೆ 1ನ್ನ 10 ಲಕ್ಷದಿಂದ ಭಾಗಿಸಿದ್ರೆ ಬರೋದೇ ಇದು. ನನ್ನ ಉದಾಹರಣೆಯ ಶೇ 35, ಶೇ 30 ಅದೇ ಥರ ಉಳಿದು ಈ ಗೆರೆ ದಾಟ್ಬೇಕು ಅಂದ್ರೆ ಒಂದೊಂದು ಕಡೆ ಸುಮಾರು 2,600 ಜನ ಬೇಕು. ಅಂತರ ಶೇ 35, ಶೇ 34 ಆಗಿದ್ರೆ? ಒಂದೊಂದು ಕಡೆ 67 ಸಾವಿರ ಜನ! ನಿಜವಾದ ಜೀನುಗಳಲ್ಲಿ ಮುಕ್ಕಾಲುಪಾಲು ಈ ಎರಡನೇ ಥರದ್ದೇ, ಅದಕ್ಕೇ ಈ ಸ್ಟಡಿಗಳು ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಹತ್ತು ಲಕ್ಷಕ್ಕೆ ಹೋಗಿದ್ದು.

ಈ ಗೆರೆ ಇಲ್ದಿದ್ದ ಕಾಲದಲ್ಲಿ ಏನಾಯ್ತು ಅನ್ನೋದು ನಾಚಿಕೆಗೇಡಿನ ಕಥೆ. ಡಿಪ್ರೆಶನ್ನಿಗೆ ಇದೇ ಜೀನು ಕಾರಣ ಇರ್ಬೋದು ಅಂತ ಊಹೆ ಮೇಲೆ ಕೆಲವೇ ನೂರು ಜನರ ರಕ್ತ ತೆಗೆದು ವರ್ಷಗಟ್ಟಲೆ ನೂರಾರು ಪೇಪರ್ ಬರೆದ್ರು, 2019ರಲ್ಲಿ ಲಕ್ಷಾಂತರ ಜನರ ಡೇಟಾ ಇಟ್ಕೊಂಡು ಅಂಥಾ 18 ಹೆಸರುವಾಸಿ ಜೀನುಗಳನ್ನ ಮತ್ತೆ ಪರೀಕ್ಷೆ ಮಾಡಿದಾಗ ಅವು ಬೇರೆ ಯಾವುದೋ ಜೀನಿಗಿಂತ ಏನೂ ಜಾಸ್ತಿ ಅಲ್ಲ ಅಂತ ಗೊತ್ತಾಯ್ತು. ಅದೃಷ್ಟ ಹೊಡೆದಿದ್ದೂ ಉಂಟು, 2005ರಲ್ಲಿ ವಯಸ್ಸಾದವರ ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆಯೋ ಕಾಯಿಲೆಗೆ ಬರೀ 96 ರೋಗಿಗಳು, 50 ಬೇರೆಯವರನ್ನ ಇಟ್ಕೊಂಡೇ ದೊಡ್ಡ ಜೀನು ಸಿಕ್ಬಿಡ್ತು, ಯಾಕಂದ್ರೆ ಅದರ ಪರಿಣಾಮಾನೇ ದೊಡ್ಡದು. ಅದನ್ನ ನೋಡಿ ಎಲ್ಲಾ ಕಾಯಿಲೆಗೂ ಹಿಂಗೇ ಸಿಗತ್ತೆ ಅನ್ಕೊಂಡವರು ಮೋಸ ಹೋದ್ರು.

ಶುಗರ್ರಿಗೆ ಸಿಕ್ಕ ದೊಡ್ಡ ಜೀನು ಅಂದ್ರೆ ಟಿಸಿಎಫ್7ಎಲ್2, 2006ರಲ್ಲಿ ಐಸ್‌ಲ್ಯಾಂಡ್‌ನವರು ಹಿಡಿದಿದ್ದು, ಆಮೇಲೆ ಬೇರೆ ಬೇರೆ ದೇಶದಲ್ಲಿ, ನಮ್ಮಲ್ಲೂ, ಗಟ್ಟಿಯಾಗಿ ನಿಂತ್ಕೊಂಡಿದೆ. ಅದರ ಕೆಟ್ಟ ಅಕ್ಷರ ಒಂದು ಪ್ರತಿ ಇದ್ರೆ ಶುಗರ್ ರಿಸ್ಕು ಸುಮಾರು 1.4 ಪಟ್ಟು. ಕೇಳಕ್ಕೆ ಭಯ ಆಗತ್ತೆ, ಅಲ್ವಾ? ಈಗ ನೂರು ಜನರ ಲೆಕ್ಕಕ್ಕೆ ತಿರುಗಿಸಿ: ಆ ಅಕ್ಷರ ಇಲ್ದೇ ಇರೋ 100 ಜನದಲ್ಲಿ 11 ಜನಕ್ಕೆ ಶುಗರ್ ಇದ್ರೆ, ಒಂದು ಪ್ರತಿ ಇರೋ 100 ಜನದಲ್ಲಿ ಸುಮಾರು 15 ಜನಕ್ಕೆ. ಅಂದ್ರೆ 85 ಜನ ಆ ಜೀನ್ ಇಟ್ಕೊಂಡೂ ಒಬ್ಬಟ್ಟು ತಿಂತಿದಾರೆ. ಇದು ದೊಡ್ಡ ಜೀನಿನ ಗತಿ, ಉಳಿದವು ಇನ್ನೂ ಸಣ್ಣವು. 2024ರಲ್ಲಿ ಬಂದ ಸ್ಟಡಿಯಲ್ಲಿ 25 ಲಕ್ಷಕ್ಕೂ ಹೆಚ್ಚು ಜನರನ್ನ ಸೇರಿಸಿ ಜೀನೋಮಿನ, ಅಂದ್ರೆ ಆ ಇಡೀ ಡಿಎನ್‌ಎ ಪುಸ್ತಕದ, 611 ಜಾಗಗಳಲ್ಲಿ ಒಟ್ಟು 1,289 ಗುರುತುಗಳನ್ನ ಹಿಡಿದಿದಾರೆ, ಅಷ್ಟೊಂದು ಗುಲಗಂಜಿ. ದಪ್ಪ ಆಗೋ ಜೀನು ಅಂತ ಪೇಪರ್ರಲ್ಲಿ ಬರೋ ಎಫ್‌ಟಿಒ ಇದೆಯಲ್ಲ, ಅದರ ಎರಡೂ ಪ್ರತಿ ಕೆಟ್ಟದ್ದಿದ್ದವರು ಯುರೋಪಿನ ಲೆಕ್ಕದಲ್ಲಿ ಸರಾಸರಿ 3 ಕೆಜಿ ಜಾಸ್ತಿ. ಮೂರು ಕೆಜಿ ನಮ್ಮಲ್ಲಿ ಆಷಾಢ ಕಳೆದು ಶ್ರಾವಣ ಮುಗಿಯೋದ್ರೊಳಗೆ ಏರ್ಬಿಡತ್ತೆ.

ಇಲ್ಲಿಗೆ ಲೆಕ್ಕದ ಸುಲಭ ಭಾಗ ಮುಗೀತು. ಕಷ್ಟ ಇರೋದು ಯಾರನ್ನ ಯಾರ ಜೊತೆ ಹೋಲಿಸ್ತಿದೀವಿ ಅನ್ನೋದ್ರಲ್ಲಿ. ಮಂಡ್ಯದಿಂದ 5,000 ಜನ, ಮಂಗಳೂರಿಂದ 5,000 ಜನ ತಗೊಂಡು, ದಿನಾ ಮುದ್ದೆ ಉಣ್ಣೋರು ಉಣ್ದೇ ಇರೋರು ಅಂತ ಗುಂಪು ಮಾಡಿ ಜೀನ್ ಹುಡುಕಿದ್ರೆ, ನೀವು ನಂಬಿ, ಮುದ್ದೆ ಜೀನು ಸಿಕ್ಕೇ ಸಿಗತ್ತೆ, 2 ಕೋಟಿಗೆ 1ರ ಗೆರೇನೂ ಆರಾಮಾಗಿ ದಾಟತ್ತೆ. ಎರಡೂ ಕಡೆಯ ಜನರ ಪೂರ್ವಿಕರು, ಸಮುದಾಯಗಳು ಬೇರೆ ಬೇರೆ, ಹಂಗಾಗಿ ಯಾವುದೋ ಸಾವಿರಾರು ಅಕ್ಷರಗಳ ಪ್ರಮಾಣ ಆ ಕಡೆ ಈ ಕಡೆ ಬೇರೆ ಇದ್ದೇ ಇರತ್ತೆ, ಅದಕ್ಕೂ ಮುದ್ದೆಗೂ ಏನ್ ಸಂಬಂಧ? ಜನ ಜಾಸ್ತಿ ಆದಷ್ಟೂ ಈ ಸುಳ್ಳು ಇನ್ನೂ ಗಟ್ಟಿ ಆಗತ್ತೆ, ಕಮ್ಮಿ ಆಗಲ್ಲ. ಇದು ಬರೀ ತಮಾಷೆ ಅಲ್ಲ, 1988ರಲ್ಲಿ ಅಮೆರಿಕದ ಪೀಮಾ ಅನ್ನೋ ಮೂಲನಿವಾಸಿಗಳಲ್ಲಿ ಹಿಂಗೇ ಒಂದು ಜೀನ್ ಗುರುತು ಡಯಾಬಿಟಿಸ್ ತಡೆಯತ್ತೆ ಅನ್ನೋ ಥರ ಕಾಣಿಸ್ತು, ಸರಿಯಾಗಿ ನೋಡಿದ್ರೆ ಆ ಗುರುತು ಇದ್ದವರಲ್ಲಿ ಯುರೋಪಿಯನ್ ಪೂರ್ವಿಕರ ಪಾಲು ಜಾಸ್ತಿ ಇತ್ತು, ಅವರಲ್ಲಿ ಶುಗರ್ ಕಮ್ಮಿ, ಅಷ್ಟೇ. ಪೂರ್ವಿಕರ ಪಾಲನ್ನ ಲೆಕ್ಕಕ್ಕೆ ತಗೊಂಡ್ಮೇಲೆ ಸಂಬಂಧ ಮಾಯ.

ಇದಕ್ಕೆ ಔಷಧಿ ಇದೆ, ಎಲ್ಲರ ಡಿಎನ್‌ಎಯಿಂದಾನೇ ಯಾರು ಯಾರಿಗೆ ಎಷ್ಟು ಹತ್ತಿರ ಅನ್ನೋ ನಕ್ಷೆ ಮಾಡ್ಕೊಂಡು ಅದನ್ನ ಲೆಕ್ಕದಿಂದ ಕಳೀತಾರೆ. ಸಮುದಾಯಗಳ ನಡುವಿನ ದೂರ ಅಳೆಯೋ ಗಣಿತವನ್ನ ನಮ್ಮ ಸ್ಟ್ಯಾಟಿಸ್ಟಿಷಿಯನ್ ಮಹಲನೋಬಿಸ್ ಮೂಗು ತಲೆ ಅಳತೆ ಇಟ್ಕೊಂಡು 1930ರ ದಶಕದಲ್ಲೇ ಮಾಡಿದ್ರು, ಇದು ಅದರ ದೂರದ ಸಂಬಂಧಿ ಅನ್ಬೋದು. ಆದ್ರೆ ಔಷಧಿ ಪೂರ್ತಿ ಕೆಲಸ ಮಾಡಲ್ಲ, ಅದರಲ್ಲೂ ನಮ್ಮ ದೇಶದಲ್ಲಿ. ನಮ್ಮಲ್ಲಿ ಮದ್ವೆ ಅಂದ್ರೆ ಜಾತಿ, ಅದರೊಳಗೆ ಒಳಪಂಗಡ, ಅದರಲ್ಲೂ ನಮ್ಮ ಹಳೇ ಮೈಸೂರು ಕಡೆ ಸೋದರಮಾವನ ಮಗಳು, ಸೋದರತ್ತೆ ಮಗ, ಒಮ್ಮೊಮ್ಮೆ ಅಕ್ಕನ ಮಗಳೇ. ನಮ್ಮ ದೊಡ್ಮಾವನ ಹೆಂಡತಿ ಅವರ ಸೋದರತ್ತೆ ಮಗಳು. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನ ನೋಡಿದ ಒಂದು ಸ್ಟಡಿ ಪ್ರಕಾರ 81 ಗುಂಪುಗಳಲ್ಲಿ, ಹಿಂದೆ ಯಾವತ್ತೋ ಸ್ವಲ್ಪೇ ಜನದಿಂದ ಇಡೀ ಸಮುದಾಯ ಬೆಳೆದಿದ್ದರ ಗುರುತು, ಫಿನ್‌ಲ್ಯಾಂಡಿನವರಿಗಿಂತ ಅಶ್ಕೆನಾಜಿ ಯಹೂದಿಗಳಿಗಿಂತ ಜೋರಾಗಿದೆ. ಜಗತ್ತಿನ ಜೆನೆಟಿಕ್ಸ್ ಪಾಠದಲ್ಲಿ ಹೆಚ್ಚಾಗಿ ಬರೋ ಉದಾಹರಣೆಗಳು ಅವು, ನಾವು ಅವರನ್ನ ಮೀರಿಸಿದೀವಿ. ಭಾರತೀಯರು ಅಂತ ಒಂದು ಗುಂಪು ಲೆಕ್ಕಕ್ಕೆ ಇಲ್ಲ, ಪಕ್ಕದ ಬೀದಿಯವರೇ ಜೆನೆಟಿಕ್ಸ್ ಪ್ರಕಾರ ನಮಗೆ ಸಾವಿರ ವರ್ಷಕ್ಕೂ ಹೆಚ್ಚು ದೂರ ಇರ್ಬೋದು.

ಈಗ ದೊಡ್ಮಾವನ ಮಾತಿಗೆ ಬರ್ತೀನಿ. ವಂಶದಲ್ಲೇ ಬಂದಿದೆ ಅನ್ನೋದಕ್ಕೆ ಸ್ಟ್ಯಾಟಿಸ್ಟಿಕ್ಸಲ್ಲಿ ಹೆರಿಟಬಿಲಿಟಿ ಅಂತ ಒಂದು ಸಂಖ್ಯೆ ಇದೆ, ಎತ್ತರಕ್ಕೆ ಅದು ಸುಮಾರು ಶೇ 80. ಇದನ್ನ ಓದಿದವರೂ ತಪ್ಪು ತಿಳ್ಕೊತಾರೆ, ನನ್ನ ಎತ್ತರದಲ್ಲಿ ಶೇ 80 ಭಾಗ ಜೀನಿಂದು ಉಳಿದಿದ್ದು ಹಾಲಿಂದು ಅಂತ. ಅಲ್ಲ. ಒಂದು ಗುಂಪಿನ ಜನರ ನಡುವೆ ಇರೋ ಏರುಪೇರಲ್ಲಿ ಎಷ್ಟು ಪಾಲು ಜೀನಿನ ಏರುಪೇರಿಂದ ಬಂದಿದೆ ಅನ್ನೋದು ಅದು. ಗದ್ದೆ ಲೆಕ್ಕದಲ್ಲಿ ಹೇಳ್ತೀನಿ. ನಾಲೆ ಪಕ್ಕದ ಒಂದೇ ಮಟ್ಟದ ಗದ್ದೆಗೆ ಸಮವಾಗಿ ನೀರು ಗೊಬ್ಬರ ಕೊಟ್ಟು ನಾಲ್ಕು ಜಾತಿ ಬೀಜ ಹಾಕಿದ್ರೆ ಇಳುವರಿ ವ್ಯತ್ಯಾಸ ಎಲ್ಲಾ ಬೀಜದ್ದೇ, ಹೆರಿಟಬಿಲಿಟಿ ನೂರರ ಹತ್ರ. ಅದೇ ನಾಲ್ಕು ಜಾತಿನ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗಕ್ಕೆ, ಮದ್ದೂರು ಮಳವಳ್ಳಿ ಕಡೆ ನೀರು ಬಂದ್ರೆ ಬಂತು ಇಲ್ದಿದ್ರೆ ಇಲ್ಲ ಅನ್ನೋ ಗದ್ದೆಗಳಿಗೂ ಸೇರಿಸಿ ಹಾಕಿದ್ರೆ, ಇಳುವರಿ ತೀರ್ಮಾನ ಮಾಡೋದು ನೀರು, ಅದೇ ಬೀಜದ ಹೆರಿಟಬಿಲಿಟಿ ನೆಲ ಕಚ್ಚತ್ತೆ. ಬೀಜ ಬದಲಾಗಿಲ್ಲ, ಸಂಖ್ಯೆ ಬದಲಾಯ್ತು. ಮತ್ತೆ ನೂರರ ಹತ್ರ ಇದ್ದ ಗದ್ದೆಗೂ ನಾಳೆ ನಾಲೆ ನಿಲ್ಲಿಸಿದ್ರೆ ನಾಲ್ಕೂ ಜಾತಿ ಒಣಗತ್ತೆ, ಹೆರಿಟಬಿಲಿಟಿ ಜಾಸ್ತಿ ಅಂದ್ರೆ ಏನೂ ಮಾಡಕ್ಕಾಗಲ್ಲ ಅಂತ ಅರ್ಥ ಅಲ್ಲ.

ಮನೆತನದಲ್ಲಿ ಬರೋದೆಲ್ಲ ಜೀನಿಂದಾನೇ ಬರ್ಬೇಕಾಗಿಲ್ಲ ಅನ್ನೋದಕ್ಕೆ ಜಗತ್ತಿಗೆ ಸಾಕ್ಷಿ ಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು, ಮೈಸೂರಿನವರಿಗೇ ಗೊತ್ತಿಲ್ಲ. ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆ ಇದೆಯಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಲ್ಲಿ 1934ರಿಂದಾನೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆಯನ್ನ ದಾಖಲೆ ಪುಸ್ತಕದಲ್ಲಿ ಬರೆದಿಟ್ಕೊಂಡು ಬಂದಿದ್ರು. ಆಗ ಬರೆದ ನರ್ಸಮ್ಮಂದಿರಿಗೆ ಇದು ಮುಂದೆ ಏನಕ್ಕಾಗತ್ತೆ ಅಂತ ಕನಸೂ ಬಿದ್ದಿರಲ್ಲ. ಅರವತ್ತು ವರ್ಷ ಆದ್ಮೇಲೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಗುಂಪಿನವರು ಮತ್ತೆ ಇಲ್ಲಿನ ಡಾಕ್ಟರುಗಳು ಸೇರಿ, ಆ ಪುಸ್ತಕದಲ್ಲಿದ್ದ ಮಕ್ಕಳು ಈಗ ಎಲ್ಲಿದಾರೆ ಅಂತ ಆಸ್ಪತ್ರೆ ಸುತ್ತಮುತ್ತಲಿನ ಮನೆಗಳಲ್ಲಿ ಹುಡುಕಿದ್ರು. ಸಿಕ್ಕ 517 ಜನರ ಹಾರ್ಟ್ ಪರೀಕ್ಷೆ ಮಾಡಿ 1996ರಲ್ಲಿ ಹೇಳಿದ್ದು: ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ಶೇ 11 ಜನಕ್ಕೆ ಹೃದಯದ ಕಾಯಿಲೆ, 3 ಕೆಜಿ ಮೇಲೆ ಚೆನ್ನಾಗಿದ್ದವರಲ್ಲಿ ಶೇ 3. ಶುಗರ್ ವಿಷ್ಯದಲ್ಲಿ ಕಥೆ ಸ್ವಲ್ಪ ಬೇರೆ ತಿರುವು ತಗೊಂಡಿತ್ತು, 1998ರಲ್ಲಿ ಬಂದ ಲೇಖನದಲ್ಲಿ ಸಣ್ಣ ತೂಕದ ಕೂಸುಗಳಿಗಲ್ಲ, ಉದ್ದ ಕಮ್ಮಿ ಇದ್ದು ಗುಂಡುಗುಂಡಗೆ ಹುಟ್ಟಿದವರಿಗೆ, ಅದರಲ್ಲೂ ತೂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಿಗೆ ಮುಂದೆ ಡಯಾಬಿಟಿಸ್ ಜಾಸ್ತಿ ಅಂತ ಕಂಡ್ತು. ಬಸುರೀಲಿ ತಾಯಿಗೆ ಶುಗರ್ ಇದ್ದಿರ್ಬೋದಾ ಅನ್ನೋ ಅನುಮಾನ. ಅದನ್ನ ನೋಡಕ್ಕೆ ಅಂತಾನೇ 1997-98ರಲ್ಲಿ ಅದೇ ಆಸ್ಪತ್ರೇಲಿ 830 ಬಸುರಿಯರನ್ನ ಸೇರಿಸ್ಕೊಂಡು ಪಾರ್ಥೆನಾನ್ ಅನ್ನೋ ಸ್ಟಡಿ ಶುರು ಮಾಡಿದ್ರು, ಪರೀಕ್ಷೆ ಮಾಡಿಸ್ಕೊಂಡವರಲ್ಲಿ ಶೇ 6ರಷ್ಟು ತಾಯಂದಿರಿಗೆ ಬಸುರಿನ ಡಯಾಬಿಟಿಸ್ ಇತ್ತು, ಆ ಮಕ್ಕಳು ಬೆಳೀತಾ ಇದ್ದಂಗೆ, ಅದ್ರಲ್ಲೂ ಹೆಣ್ಮಕ್ಕಳಲ್ಲಿ, ಕೊಬ್ಬು ಮತ್ತೆ ಇನ್ಸುಲಿನ್ ಮಟ್ಟ ಬೇರೆಯವರಿಗಿಂತ ಜಾಸ್ತಿ ಕಾಣಿಸ್ತು.

ಇದರಲ್ಲಿ ವಂಶ ಎಲ್ಲಿಂದ ಬಂತು, ಜೀನಿಂದಾನಾ ಗರ್ಭದಿಂದಾನಾ? ತಾಯಿ ರಕ್ತದ ಸಕ್ಕರೆ ಮಗುವಿಗೆ ದಾಟಿ ಮಗು ದೇಹ ಹಂಗೇ ಹೊಂದ್ಕೊಂಡ್ರೆ ಅದೂ ತಲೆಮಾರಿಂದ ತಲೆಮಾರಿಗೆ ಹೋಗತ್ತೆ, ಆದ್ರೆ ಡಿಎನ್‌ಎ ಒಂದು ಅಕ್ಷರಾನೂ ಬದಲಾಗಿರಲ್ಲ. ಹಂಗಂತ ಕಾಯಿಲೆ ಬೀಜ ಗರ್ಭದಲ್ಲೇ ಬೀಳತ್ತೆ ಅನ್ನೋ ಬಾರ್ಕರ್ ಪಾರ್ಟಿ ಗೆದ್ದು ಜೀನ್ ಪಾರ್ಟಿ ಸೋತಿತು ಅಂತಲೂ ಅಲ್ಲ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರೋ ಜೀನೇ ಹುಟ್ಟಿದಾಗಿನ ತೂಕಾನೂ ಇಳಿಸಿ ಮುಂದೆ ಶುಗರ್ರೂ ತರ್ಬೋದು ಅಂತ 1999ರಲ್ಲೇ ಇನ್ನೊಂದು ವಾದ ಬಂತು, ಅದಕ್ಕೂ ಪುರಾವೆ ಇದೆ. ಎರಡೂ ಸ್ವಲ್ಪ ಸ್ವಲ್ಪ ನಿಜ. ನಮ್ಮ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದ ಏಳು ಜನದಲ್ಲಿ ಒಬ್ಬಳು ಸೊಸೆ ಅಂದ್ನಲ್ಲ, ಅವಳು ಹೊರಗಿನ ಸಂಬಂಧ, ಇವರ ರಕ್ತ ಅಲ್ಲ, ಆದ್ರೆ ಮೂವತ್ತು ವರ್ಷದಿಂದ ಅದೇ ಅಡುಗೆಮನೆ, ಅದೇ ಪಾಲಿಶ್ ಅಕ್ಕಿ, ಅದೇ ಸಂಜೆ ಧಾರಾವಾಹಿ. ಅವಳನ್ನ ವಂಶದ ಲೆಕ್ಕದಲ್ಲಿ ಎಲ್ಲಿಗೆ ಸೇರಿಸ್ತೀರಾ?

ಇಷ್ಟೆಲ್ಲಾ ಹೇಳಿದ್ಮೇಲೆ ಈ ಗುಲಗಂಜಿ ಜೀನುಗಳನ್ನ ಹುಡುಕೋದು ದಂಡ ಅಂತ ಅನ್ಸಿದ್ರೆ ಅದು ನನ್ನ ತಪ್ಪು. ಒಬ್ಬ ಮನುಷ್ಯನ ಭವಿಷ್ಯ ಹೇಳಕ್ಕೆ ಅವು ಬಡಪಾಯಿ, ಕಾಯಿಲೆ ಹೆಂಗೆ ಕೆಲಸ ಮಾಡತ್ತೆ ಅನ್ನೋದನ್ನ ಹೇಳಕ್ಕೆ ಚಿನ್ನ. ಪಿಸಿಎಸ್‌ಕೆ9 ಅಂತ ಒಂದು ಜೀನು ಹುಟ್ಟಿನಿಂದಾನೇ ಕೆಟ್ಟಿದ್ದ ಅಮೆರಿಕದ ಕೆಲವು ಕಪ್ಪು ಜನರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಶೇ 28 ಕಮ್ಮಿ, ಹಾರ್ಟ್ ಕಾಯಿಲೆ ಶೇ 88 ಕಮ್ಮಿ ಅಂತ 2006ರಲ್ಲಿ ಗೊತ್ತಾಯ್ತು, ಆ ಜೀನಿನ ಕೆಲಸ ತಡೆಯೋ ಇಂಜೆಕ್ಷನ್ 2015ರಲ್ಲಿ ಮಾರ್ಕೆಟ್ಟಿಗೇ ಬಂತು. ಒಳ್ಳೇ ಕೊಲೆಸ್ಟ್ರಾಲ್ ವಿಷ್ಯ ಉಲ್ಟಾ, ಹುಟ್ಟಿನಿಂದ ಅದು ಜಾಸ್ತಿ ಇರೋ ಅಕ್ಷರ ಪಡ್ಕೊಂಡವರಿಗೆ ಹಾರ್ಟ್ ಅಟ್ಯಾಕ್ ಏನೂ ಕಮ್ಮಿ ಇಲ್ಲ ಅಂತ 2012ರಲ್ಲಿ ತೋರಿಸಿದ್ರು, ಅದನ್ನ ಏರಿಸೋ ಮಾತ್ರೆಗಳೂ ಟ್ರಯಲ್ಲಲ್ಲಿ ಮಕಾಡೆ ಮಲಗಿದ್ವು. ಯಾರಿಗೆ ಯಾವ ಅಕ್ಷರ ಬರತ್ತೆ ಅನ್ನೋದು ಹುಟ್ಟೋಕೆ ಮುಂಚೆ ಪ್ರಕೃತಿ ಹಾಕೋ ಚೀಟಿ, ಯಾವ ಪ್ಲಾಟಿಗೆ ಏನು ಹಾಕೋದು ಅಂತ ಫಿಷರ್ ಹೊಲದಲ್ಲಿ ಚೀಟಿ ಎತ್ತಿದಂಗೇ. ನನ್ನನ್ನ ಕೇಳಿದ್ರೆ ಈ ಇಡೀ ಫೀಲ್ಡಿನ ಅತಿ ಚೆಂದದ ಉಪಯೋಗ ಇದು, ಕೆಂಪು ಮೀಟರಲ್ಲ.

ಕೆಂಪು ಮೀಟರಿಗೆ ಬಂದ್ರೆ, ಅದು ಮಾಡೋದು ಕೂಡೋ ಲೆಕ್ಕ. ಸಿಕ್ಕಿರೋ ಅಕ್ಷರಗಳಿಗೆ ಒಂದೊಂದು ಅಂಕ ಕೊಟ್ಟು, ನಿಮ್ಮಲ್ಲಿ ಇರೋದನ್ನೆಲ್ಲ ಕೂಡಿ, ಒಂದು ಗುಂಪಿನ ಜೊತೆ ಹೋಲಿಸಿ ನೀವು ಮೇಲಿದೀರಾ ಕೆಳಗಿದೀರಾ ಹೇಳೋದು. ಆ ಅಂಕಗಳು ಯಾರ ಮೇಲೆ ಲೆಕ್ಕ ಹಾಕಿದ್ದು? ಜಗತ್ತಿನ ಜೀನ್ ಸ್ಟಡಿಗಳಲ್ಲಿ ಸೇರಿರೋ ಜನರಲ್ಲಿ ಶೇ 79ರಷ್ಟು ಯುರೋಪ್ ಮೂಲದವರು ಅಂತ 2019ರಲ್ಲಿ ಲೆಕ್ಕ ಹಾಕಿದ್ರು. ಅಲ್ಲಿ ಕಲಿತ ಅಂಕ ಇಲ್ಲಿ ಅಷ್ಟು ಕೆಲಸ ಮಾಡಲ್ಲ. ಎತ್ತರದ ಮೇಲೆ 2022ರಲ್ಲಿ 54 ಲಕ್ಷ ಜನರ ಸ್ಟಡಿ ಬಂತು, 12 ಸಾವಿರಕ್ಕೂ ಹೆಚ್ಚು ಅಕ್ಷರ ಹಿಡಿದಿದ್ರು, ಯುರೋಪ್ ಮೂಲದವರಲ್ಲಿ ಎತ್ತರದ ಏರುಪೇರಲ್ಲಿ ಶೇ 40ನ್ನ ವಿವರಿಸಿದ ಅದೇ ಅಕ್ಷರಗಳು ಬೇರೆಯವರಲ್ಲಿ ಶೇ 10ರಿಂದ 20 ಅಷ್ಟೇ. ಎತ್ತರದಂಥಾ ಸುಲಭದ್ದಕ್ಕೇ ಈ ಗತಿ. ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ 2020ರಲ್ಲಿ ಶುರುವಾಗಿ 80ಕ್ಕೂ ಹೆಚ್ಚು ಸಮುದಾಯಗಳ 10,000 ಜನರ ಜೀನೋಮ್ ಓದಿ 2025ರ ಜನವರಿಯಲ್ಲಿ ಡೇಟಾ ಬಿಡುಗಡೆ ಮಾಡಿದೆ, ಒಳ್ಳೇ ಕೆಲಸ, ನಮ್ಮ ಜನದಲ್ಲಿ ಯಾವ್ಯಾವ ಅಕ್ಷರ ಇದೆ ಅನ್ನೋ ಪಟ್ಟಿಗೆ ಅದು ಸಾಕು, ಆದ್ರೆ ಶುಗರ್ರಿಗೆ ಒಂದೊಂದು ಅಕ್ಷರದ ಅಂಕ ಎಷ್ಟು ಅಂತ ನಮ್ಮಲ್ಲೇ ಲೆಕ್ಕ ಹಾಕಕ್ಕೆ ಅಷ್ಟು ಜನ ಸಾಲಲ್ಲ, ಮೇಲೆ ಹೇಳಿದ 67 ಸಾವಿರ ನೆನಪು ಮಾಡ್ಕೊಳಿ. ಅಲ್ಲಿವರೆಗೂ ಚೇತು ಮುಳ್ಳು ಕೆಂಪಲ್ಲಿ ಇರೋದು ಯಾರ ಸಾಲಲ್ಲಿ ನಿಲ್ಲಿಸಿ ನೋಡಿದಾಗ ಅಂತ ರಿಪೋರ್ಟಲ್ಲಿ ಹುಡುಕ್ದೆ, 14ನೇ ಪುಟದ ಕೊನೇಲಿ ಇರುವೆ ಅಕ್ಷರದಲ್ಲಿ ಹೆಚ್ಚಾಗಿ ಯುರೋಪಿಯನ್ ಡೇಟಾ ಅಂತ ಇತ್ತು.

ಫೋಟೋ ಮುಗಿಸ್ಕೊಂಡು ಬಂದ್ಮೇಲೆ ಚೇತು ಮತ್ತೆ ಸಿಕ್ದ, "ಹಂಗಾದ್ರೆ ನಂಗೆ ರಿಸ್ಕ್ ಇಲ್ವಾ ಮಾವ" ಅಂದ. ನಾನು ಹಂಗೆಲ್ಲಿ ಅಂದೆ ಅಂತ, ಅತ್ತೆ ಬ್ಯಾಗಲ್ಲಿ ಬ್ಲೌಸ್ ಅಳತೆಗೆ ಅಂತ ಇಟ್ಕೊಂಡಿದ್ದ ಟೇಪ್ ಇಸ್ಕೊಂಡೆ. ಚೆನ್ನೈನ ಡಯಾಬಿಟಿಸ್ ಸಂಶೋಧಕರು 2005ರಲ್ಲಿ ನಮ್ಮ ಜನರ ಮೇಲೇನೇ ಮಾಡಿದ ಒಂದು ಸ್ಕೋರಿದೆ, ನಾಲ್ಕೇ ಪ್ರಶ್ನೆ, ರಕ್ತಾನೂ ಬೇಡ ಎಂಜಲೂ ಬೇಡ. ವಯಸ್ಸು 35ರ ಒಳಗೆ, ಅದಕ್ಕೆ 0. ಸೊಂಟದ ಸುತ್ತಳತೆ, ಉಸಿರು ಎಳ್ಕೊಬೇಡ ಕಣೋ ಅಂತ ಬೈದ್ಮೇಲೆ, 96 ಸೆಂಟಿಮೀಟರ್, ಗಂಡಸರಿಗೆ 90ರಿಂದ 99ರೊಳಗೆ ಇದ್ರೆ 10. ಕೂತು ಮಾಡೋ ಕೆಲಸ, ವ್ಯಾಯಾಮ ಸೊನ್ನೆ, ಅದಕ್ಕೆ 30. ಅಪ್ಪ ಅಮ್ಮ ಇಬ್ಬರಿಗೂ ಶುಗರ್, ಇಬ್ಬರೂ ಅದೇ ಪಂಕ್ತೀಲಿ ಕೈ ಅಡ್ಡ ಹಿಡಿದವರೇ, 20. ಒಟ್ಟು 60, ಅಲ್ಲಿಂದಾನೇ ಹೈ ರಿಸ್ಕ್ ಶುರು. ಮುಳ್ಳು ಅದೇ ಕೆಂಪಲ್ಲೇ ನಿಂತ್ಕೊಳ್ತು. ಅರವತ್ತರಲ್ಲಿ ನಲವತ್ತು ಸೊಂಟದ್ದು ಮತ್ತೆ ಕುರ್ಚಿದು, ಇಳಿಸಕ್ಕಾಗೋದು. "ರಿಪೋರ್ಟಿಗೆ ಎಷ್ಟು ಕೊಟ್ಟೆ" ಅಂತ ಅತ್ತೆ ಕೇಳಿದ್ದಕ್ಕೆ ಅವನು ಉತ್ತರ ಕೊಡ್ಲಿಲ್ಲ.

ದೊಡ್ಮಾವಂಗೂ ಆಸೆ ಬಂತು, "ನಂದೂ ನೋಡ್ಲಾ ಅಳಿಯ" ಅಂತ ಪಂಚೆ ಸರಿ ಮಾಡ್ಕೊಂಡು ನಿಂತ್ರು. ಈಗಾಗ್ಲೇ ಶುಗರ್ ಇರೋರಿಗೆ ಇದು ಬೇಕಾಗಿಲ್ಲ ಮಾವ ಅಂದ್ರೂ ಕೇಳ್ಲಿಲ್ಲ, ಸರಿ ಅಂತ ಕೊನೇ ಪ್ರಶ್ನೆಗೆ ಬಂದೆ, ನಿಮ್ಮಪ್ಪಂಗೆ ಅವ್ವಂಗೆ ಶುಗರ್ ಇತ್ತಾ? ಸ್ವಲ್ಪ ಹೊತ್ತು ಯೋಚ್ನೆ ಮಾಡಿದ್ರು. "ಅವಾಗ ಯಾವ ನನ್ಮಗ ಟೆಸ್ಟ್ ಮಾಡ್ತಿದ್ದ? ನಮ್ಮಪ್ಪ ಎತ್ತಿನ ಹಿಂದೆ ಗದ್ದೇಲೇ ಇರೋನು, ಮುದ್ದೆ ಉಂಡ್ಕಂಡು ಗುಂಡ್ಕಲ್ ಇದ್ದಂಗಿದ್ದ." ಅಷ್ಟು ಹೇಳಿ ಟೇಪನ್ನ ನನ್ ಕೈಯಿಂದ ತಗೊಂಡು, ತಾವೇ ಸೊಂಟಕ್ಕೆ ಸುತ್ತಿ, ಎಷ್ಟು ಬಂತು ಅಂತ ಕನ್ನಡಕ ಹುಡುಕ್ತಾ ನಿಂತ್ರು.